ಟ್ಯಾಂಕಿನ ಲೆಕ್ಕ, ಜೀವ ಉಳಿಸಿದ ಲೆಕ್ಕ

ಮನೆ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟ ಇಡೀ ದಿನ ಒಂದೇ ಸಮ ಇದ್ದರೆ ಏನರ್ಥ? ನೀರು ಸುಮ್ಮನೆ ನಿಂತಿರಬಹುದು. ಇಲ್ಲವೇ ಬಂದಷ್ಟೇ ನೀರು ಹೊರಗೂ ಹೋಗ್ತಿರಬಹುದು. ತಿಳೀಬೇಕಾದ್ರೆ ಒಳಬರುವ ನೀರು ನಿಲ್ಲಿಸಿ, ಮಟ್ಟ ಎಷ್ಟು ಬೇಗ ಇಳಿಯುತ್ತೆ ಅಂತ ನೋಡಬೇಕು. ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವಾಗ ನಾನು ಕೊಡುವ ಉದಾಹರಣೆ ಇದು.

ಎಚ್‌ಐವಿ ತಗುಲಿದ ಮೇಲೆ ರಕ್ತದಲ್ಲಿ ವೈರಸ್ ಪ್ರಮಾಣ ವರ್ಷಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮ ಇರುತ್ತೆ. ವೈರಸ್ ಮಲಗಿದೆ ಎಂದೇ ಹಲವರು ತಿಳಿದಿದ್ದರು. ಅಣುಬಾಂಬ್ ತಯಾರಾದ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಅಲನ್ ಪೆರೆಲ್ಸನ್, ವೈದ್ಯ ಡೇವಿಡ್ ಹೋ ತಂಡದ ಜೊತೆ ಸೇರಿ ಟ್ಯಾಂಕಿನ ಉಪಾಯವನ್ನೇ ಮಾಡಿದರು. ಹೊಸ ಜೀವಕೋಶಗಳಿಗೆ ಸೋಂಕು ಹರಡದಂತೆ ಔಷಧ ಕೊಟ್ಟು, ವೈರಸ್ ಇಳಿಯುವ ವೇಗವನ್ನು ಸಮೀಕರಣಕ್ಕೆ ಹಾಕಿದರು. 1996ರಲ್ಲಿ ಸಿಕ್ಕ ಉತ್ತರ: ದಿನಕ್ಕೆ ಸುಮಾರು 1,000 ಕೋಟಿ ವೈರಸ್ ಹುಟ್ಟುತ್ತಿವೆ, ಅಷ್ಟನ್ನೇ ದೇಹ ಅಳಿಸುತ್ತಿದೆ! ಹೊರಗೆ ಆರಾಮ, ಒಳಗೆ ಹಗಲೂ ರಾತ್ರಿ ಕದನ.

ಇಷ್ಟು ನಕಲು ಆಗುವಾಗ ತಪ್ಪುಗಳೂ ನುಸುಳುತ್ತವೆ. ಒಂದು ಔಷಧಕ್ಕೆ ಬಗ್ಗದ ವೈರಸ್ ಬೇಗ ಹುಟ್ಟುತ್ತೆ. ಮೂರಕ್ಕೂ ಒಟ್ಟಿಗೆ ಬಗ್ಗದ್ದು ಹುಟ್ಟೋದು ಬಹಳ ಕಷ್ಟ. ಹಲವು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆಗೆ ಈ ಲೆಕ್ಕ ಬಲ ಕೊಟ್ಟಿತು.

ಪರಿಚಯದವರೊಬ್ಬರು ಕೇಳಿದ್ರು, "ಮೇಷ್ಟ್ರೇ, ಆರಾಮಾಗಿದೀನಲ್ಲ, ಇನ್ನೂ ಮಾತ್ರೆ ಯಾಕೆ?" "ಮಾತ್ರೆ ನುಂಗ್ತಿರೋದಕ್ಕೇ ಆರಾಮಾಗಿದೀರಿ" ಅಂದೆ. 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಈ ಔಷಧ ಉಚಿತ. ನಿಮ್ಮ ಬಳಗದಲ್ಲಿ ಯಾರಾದರೂ ಬಿಡೋ ಯೋಚನೆಯಲ್ಲಿದ್ದರೆ, ದಯವಿಟ್ಟು ಈ ಲೆಕ್ಕ ಹೇಳಿ.