ಬೀಜದ ಕುದುರೆಯ ವಂಶರಕ್ಷಣೆ

2006ನೆಯ ಇಸವಿ ಮೇ 20ರಂದು ಅಮೆರಿಕದ ಬಾಲ್ಟಿಮೋರ್ ನಗರದ ಪಿಮ್ಲಿಕೊ ಪಂದ್ಯದ ಬಯಲಿನಲ್ಲಿ ಜನಸಾಗರವೇ ನೆರೆದಿತ್ತು. ಎರಡು ವಾರಗಳ ಹಿಂದೆಯಷ್ಟೇ ಕೆಂಟಕಿ ಡರ್ಬಿಯನ್ನು ಗೆದ್ದಿದ್ದ ಬಾರ್ಬರೊ ಎಂಬ ಮೂರು ವರ್ಷದ ಗಂಡುಕುದುರೆಯ ಮೇಲೆ ಎಲ್ಲರ ಕಣ್ಣೂ ನೆಟ್ಟಿತ್ತು. ಓಟ ಆರಂಭವಾದ ಕೆಲವೇ ಕ್ಷಣಗಳಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಮರುದಿನ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಪಶುವೈದ್ಯಾಲಯದಲ್ಲಿ ವೈದ್ಯರು ಲೋಹದ ಪಟ್ಟಿಯನ್ನೂ 27 ತಿರುಪುಗಳನ್ನೂ ಬಳಸಿ ಮೂಳೆಯ ಚೂರುಗಳನ್ನು ಕೂಡಿಸಿದರು. ಎಂಟು ತಿಂಗಳ ಕಾಲ ಶುಶ್ರೂಷೆ ನಡೆಯಿತು. ಆದರೆ 2007ರ ಜನವರಿ 29ರಂದು, ನೋವು ಸಹಿಸಲಾರದ ಸ್ಥಿತಿಯನ್ನು ಮುಟ್ಟಿದ್ದ ಆ ಪ್ರಾಣಿಗೆ ಮದ್ದು ಕೊಟ್ಟು ಶಾಂತವಾದ ಮರಣವನ್ನು ಉಂಟುಮಾಡಬೇಕಾಯಿತು. ಬಾರ್ಬರೊವಿನ ಸಂತಾನವೆಂದು ಹೇಳಿಕೊಳ್ಳಲು ಒಂದು ಮರಿಯೂ ಉಳಿಯಲಿಲ್ಲ.

ಕಾಲು ಮುರಿದ ಮನುಷ್ಯನು ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಬಲ್ಲನು, ಕುದುರೆ ಮಲಗಲಾರದು. ನಾನೂರೈವತ್ತು ಐನೂರು ಕಿಲೋಗ್ರಾಂ ತೂಕದ ದೇಹವನ್ನು ಅದು ನಿಂತೇ ಹೊರಬೇಕು. ಮುರಿದ ಕಾಲಿನ ಪಾಲಿನ ಭಾರವೂ ಗಟ್ಟಿಯಾಗಿರುವ ಕಾಲಿನ ಮೇಲೆ ಬೀಳುವುದರಿಂದ ಆ ಗೊರಸಿನೊಳಗೆ ಲ್ಯಾಮಿನೈಟಿಸ್ ಎಂಬ ಉರಿಯೂತ ಹುಟ್ಟುತ್ತದೆ. ಬಾರ್ಬರೊವನ್ನು ಕೊನೆಗೆ ಕೊಂದದ್ದು ಮುರಿದ ಬಲಗಾಲಿಗಿಂತ ಹೆಚ್ಚಾಗಿ ಈ ರೋಗವೇ. ಕರುಳು ತಿರುಚಿಕೊಂಡು ಬರುವ ಹೊಟ್ಟೆಶೂಲೆಯೂ ಕುದುರೆಯನ್ನು ಕೆಲವೇ ಗಂಟೆಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲದು. ನೆಗೆತದ ಪಂದ್ಯ, ದೂರದ ಸವಾರಿ ಮೊದಲಾದವುಗಳಲ್ಲಿ ಒಂದು ಕುದುರೆಯ ನಿಜವಾದ ಯೋಗ್ಯತೆ ತಿಳಿಯುವಷ್ಟರಲ್ಲಿ ಅದಕ್ಕೆ ಹತ್ತು ಹನ್ನೆರಡು ವರ್ಷಗಳಾಗಿರುತ್ತವೆ. ಅಂತಹ ಕುದುರೆ ಹಠಾತ್ತನೆ ಸತ್ತರೆ ತಲೆಮಾರುಗಳಿಂದ ಆರಿಸಿ ಬೆಳೆಸಿದ ಗುಣಗಳೂ ಅದರೊಡನೆಯೇ ಮಣ್ಣುಪಾಲಾಗಬೇಕೆ?

ಆಗಬೇಕಾಗಿಲ್ಲ. ಪ್ರಾಣ ಹೋದ ಕ್ಷಣದಲ್ಲಿಯೇ ದೇಹದ ಎಲ್ಲ ಜೀವಕಣಗಳೂ ಸಾಯುವುದಿಲ್ಲ. ಗಂಡುಕುದುರೆಯ ವೃಷಣಗಳಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನಗಳು ಹಿಡಿಯುತ್ತವೆ. ಅನಂತರ ಅದು ಎಪಿಡಿಡಿಮಿಸ್ ಎಂಬ ನಾಳವನ್ನು ಸೇರುತ್ತದೆ. ನೂಲಿನ ಉಂಡೆಯಂತೆ ಸುತ್ತಿಕೊಂಡಿರುವ ಈ ನಾಳವನ್ನು ಬಿಡಿಸಿ ಎಳೆದರೆ ಹಲವು ಹತ್ತು ಮೀಟರುಗಳಷ್ಟು ಉದ್ದವಾಗುತ್ತದೆ. ಅದರ ಆರಂಭದಲ್ಲಿ ವೀರ್ಯಾಣುವಿಗೆ ಈಜುವ ಶಕ್ತಿಯಿಲ್ಲ. ನಾಳದುದ್ದಕ್ಕೂ ಸಾಗುತ್ತ ಅದು ಪಕ್ವವಾಗಿ, ಬಾಲದ ಭಾಗವನ್ನು ಮುಟ್ಟಿದಾಗ ಗರ್ಭಧಾರಣೆಗೆ ಸಮರ್ಥವಾಗುತ್ತದೆ. ಹೀಗೆ ಪಕ್ವವಾದ ಜೀವಾಣುಗಳ ಕಣಜವೇ ಆ ಬಾಲದ ಭಾಗ. ವೈದ್ಯರು ಕೈಹಾಕುವುದು ಈ ಕಣಜಕ್ಕೆ.

ಕಾಯಿಲೆ ನಿಧಾನವಾಗಿದ್ದು ಕುದುರೆಗೆ ನಿಲ್ಲುವ ತ್ರಾಣವಿದ್ದರೆ ವೀರ್ಯವನ್ನು ಎಂದಿನ ಕ್ರಮದಲ್ಲಿಯೇ ಸಂಗ್ರಹಿಸಬಹುದು. ಹಿಂಗಾಲು ಕೆಟ್ಟ ಕುದುರೆ ಮೇಲೇರಲಾರದು. ಅಂತಹವುಗಳಿಗೆ ಔಷಧಿಯಿಂದಲೇ ವೀರ್ಯ ಹೊರಬರುವಂತೆ ಮಾಡುವುದೂ ಉಂಟು. ಈ ಯಾವುದಕ್ಕೂ ಅವಕಾಶವಿಲ್ಲದಿದ್ದಾಗ, ಕುದುರೆಗೆ ಅರಿವಳಿಕೆ ಕೊಟ್ಟು ಇಲ್ಲವೆ ಅದು ಸತ್ತ ಕೂಡಲೇ, ವೃಷಣಗಳನ್ನು ಎಪಿಡಿಡಿಮಿಸ್ಸಿನ ಸಹಿತ ಬೇರ್ಪಡಿಸುತ್ತಾರೆ. ಅವುಗಳನ್ನು ಉಪ್ಪುನೀರಿನ ದ್ರಾವಣದಲ್ಲಿ ತೊಯ್ಸಿದ ಬಟ್ಟೆಯಲ್ಲಿ ಸುತ್ತಿ, ಶಾಖ ಒಳಹೋಗದ ಪೆಟ್ಟಿಗೆಯಲ್ಲಿಟ್ಟು, ಸುಮಾರು 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಪ್ರಯೋಗಾಲಯಕ್ಕೆ ಸಾಗಿಸುತ್ತಾರೆ. ಮಂಜುಗಡ್ಡೆ ನೇರವಾಗಿ ತಗುಲಬಾರದು. ತಗುಲಿದರೆ ಶೀತದ ಆಘಾತಕ್ಕೆ ಜೀವಾಣುಗಳು ನಾಶವಾಗುತ್ತವೆ. ಸಾಧಾರಣವಾಗಿ 24 ಗಂಟೆಗಳೊಳಗೆ ಮುಂದಿನ ಕೆಲಸವಾಗಬೇಕು. ಪ್ರಯೋಗಾಲಯದಲ್ಲಿ ವೀರ್ಯನಾಳದೊಳಕ್ಕೆ ಮೊಂಡು ತುದಿಯ ಸೂಜಿಯನ್ನು ತೂರಿಸಿ, ದ್ರವವನ್ನೋ ಗಾಳಿಯನ್ನೋ ಹಿಮ್ಮುಖವಾಗಿ ಹಾಯಿಸಿ ಕಣಜವನ್ನು ತೊಳೆದು ತೆಗೆಯುತ್ತಾರೆ. ಸಾವಿರ ಕೋಟಿಗೂ ಮಿಕ್ಕಿದ ವೀರ್ಯಾಣುಗಳು ಹೀಗೆ ದೊರೆಯುವುದುಂಟು.

ನರಳುತ್ತಿರುವ ಪ್ರಾಣಿಯನ್ನು ಬೀಜದ ಆಸೆಗಾಗಿ ಇನ್ನೊಂದು ದಿನ ಬದುಕಿಸಿ ಇಟ್ಟುಕೊಳ್ಳಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದು ಕ್ರೌರ್ಯ, ಮೇಲಾಗಿ ಅನಾವಶ್ಯಕ. ಬಿಡುಗಡೆಯ ಮದ್ದು ಕೊಟ್ಟ ಮೇಲೂ ಕಣಜ ಉಳಿದೇ ಇರುತ್ತದೆ. ತಡಮಾಡಿದರೆ ನಷ್ಟವೂ ಉಂಟು: ದೀರ್ಘಕಾಲದ ಜ್ವರವು ವೃಷಣಗಳಿಗೆ ಕೇಡುಮಾಡಿ, ವಾರಗಳು ಕಳೆದಂತೆ ವೀರ್ಯಾಣುಗಳ ಗುಣವನ್ನು ಕುಂದಿಸುತ್ತದೆ.

ಸಂಗ್ರಹಿಸಿದುದನ್ನು ಕಾಪಾಡುವ ವಿದ್ಯೆಯ ಕಥೆ ಬಹು ಸ್ವಾರಸ್ಯವಾದುದು. ಹದಿನೆಂಟನೆಯ ಶತಮಾನದಲ್ಲಿಯೇ ಇಟಲಿಯ ವಿಜ್ಞಾನಿ ಸ್ಪಲ್ಲಂಜಾನಿಯು, ಹಿಮದಲ್ಲಿ ತಣಿಸಿದ ಕುದುರೆಯ ವೀರ್ಯಾಣುಗಳು ನಿಶ್ಚಲವಾಗಿ ಬಿಸಿ ತಗುಲಿದೊಡನೆ ಮತ್ತೆ ಚಲಿಸುವುದನ್ನು ಕಂಡಿದ್ದನು. ಆದರೆ ಪೂರ್ಣ ಹೆಪ್ಪುಗಟ್ಟಿಸಿದರೆ ಒಳಗೆ ಮೂಡುವ ಮಂಜಿನ ಹರಳುಗಳು ಜೀವಕಣವನ್ನು ಹರಿದುಹಾಕುತ್ತಿದ್ದವು. ಇದಕ್ಕೆ ಪರಿಹಾರ ಸಿಕ್ಕಿದ್ದು ಒಂದು ಅಚಾತುರ್ಯದಿಂದ. ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಯತ್ನಿಸಿ ಸೋತಿದ್ದರು. ಕೆಲವು ತಿಂಗಳ ಅನಂತರ ಅದೇ ದ್ರಾವಣವೆಂದು ತಿಳಿದು ಒಂದು ಸೀಸೆಯನ್ನು ಬಳಸಿದಾಗ ಪ್ರಯೋಗ ಫಲಿಸಿತು! ಬೆರಗಾಗಿ ಪರೀಕ್ಷೆ ಮಾಡಿಸಿದರೆ ಸೀಸೆಯಲ್ಲಿ ಸಕ್ಕರೆಯೇ ಇರಲಿಲ್ಲ. ಹೆಸರಿನ ಚೀಟಿ ಅದಲುಬದಲಾಗಿ ಗ್ಲಿಸರಾಲ್ ಬಂದಿತ್ತು. 1949ರಲ್ಲಿ ಈ ಶೋಧ ಪ್ರಕಟವಾಯಿತು. 1957ರಲ್ಲಿ ಕೆನಡದ ಬಾರ್ಕರ್ ಮತ್ತು ಗ್ಯಾಂಡಿಯರ್ ಎಂಬುವರು ಎಪಿಡಿಡಿಮಿಸ್ಸಿನಿಂದ ತೆಗೆದು ಹೆಪ್ಪುಗಟ್ಟಿಸಿದ ವೀರ್ಯಾಣುಗಳಿಂದ ಹೆಣ್ಣುಕುದುರೆಯೊಂದು ಗರ್ಭ ಧರಿಸಿದುದನ್ನು ವರದಿ ಮಾಡಿದರು. ಹೆಪ್ಪುಗಟ್ಟಿಸಿದ ಕುದುರೆಯ ವೀರ್ಯಾಣು ಮೊದಲು ಫಲಿಸಿದ್ದೇ ಈ ಮಾರ್ಗದಿಂದ ಎಂಬುದು ಗಮನಾರ್ಹ.

ಇಂದು ವೀರ್ಯಾಣುಗಳನ್ನು ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಗ್ಲಿಸರಾಲ್ ಮೊದಲಾದವು ಸೇರಿದ ದ್ರಾವಣದಲ್ಲಿ ಬೆರಸಿ, ಅರ್ಧ ಮಿಲಿಲೀಟರಿನ ತೆಳುವಾದ ಕೊಳವೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಅಲ್ಲಿ ಅವು ದಶಕಗಳ ಕಾಲ ಕೆಡದೆ ಇರಬಲ್ಲವು. ಎಲ್ಲ ಕುದುರೆಗಳ ವೀರ್ಯಾಣುಗಳೂ ಈ ಚಳಿಯನ್ನು ಒಂದೇ ರೀತಿ ತಡೆಯುವುದಿಲ್ಲ. ಒಂದು ಕೊಳವೆಯನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಒಡೆಯನಿಗೆ ತನ್ನ ಅದೃಷ್ಟ ತಿಳಿಯುವುದು. ಒಂದು ಸಲದ ಗರ್ಭಧಾರಣೆಗೆ ವಾಡಿಕೆಯಲ್ಲಿ ಎಂಬತ್ತು ಕೋಟಿಯಷ್ಟು ವೀರ್ಯಾಣುಗಳನ್ನು ಮೀಸಲಿಡುವುದರಿಂದ, ಸತ್ತ ಕುದುರೆಯ ಇಡೀ ಸಂಗ್ರಹ ಹತ್ತು ಹನ್ನೆರಡು ಸಲಕ್ಕೆ ಮುಗಿದುಹೋಗಬಹುದು. ಮತ್ತೆ ತರಲು ಕುದುರೆಯೇ ಇಲ್ಲ. ಈ ಕೊರತೆಯನ್ನು ನೀಗಿಸಲು, ಒಂದೇ ಒಂದು ವೀರ್ಯಾಣುವನ್ನು ಅತಿ ಸೂಕ್ಷ್ಮವಾದ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ವಿಧಾನ ಬಂದಿದೆ. ಅಮೆರಿಕದ ಕೊಲೊರಾಡೊದಲ್ಲಿ 1996ರಲ್ಲಿ ಈ ವಿಧಾನದಿಂದ ಕುದುರೆಮರಿ ಪಡೆಯಲಾಯಿತು. ಒಂದು ಕೊಳವೆಯ ತುಣುಕನ್ನಷ್ಟೇ ಕತ್ತರಿಸಿ ಬಳಸಿ, ಉಳಿದುದನ್ನು ಹಾಗೆಯೇ ಚಳಿಯಲ್ಲಿ ಇಡುವುದು ಇದರಿಂದ ಸಾಧ್ಯವಾಗಿದೆ.

ಹಾಗಾದರೆ ಬಾರ್ಬರೊವಿನ ಬೀಜವನ್ನು ಏಕೆ ಉಳಿಸಲಿಲ್ಲ? ಅಡ್ಡ ಬಂದದ್ದು ವಿಜ್ಞಾನವಲ್ಲ, ನಿಯಮ. ಥರೋಬ್ರೆಡ್ ಎಂಬ ಓಟದ ತಳಿಯ ವಂಶಾವಳಿಯ ಪುಸ್ತಕದಲ್ಲಿ ಸ್ವಾಭಾವಿಕ ಸಂಯೋಗದಿಂದ ಹುಟ್ಟಿದ ಮರಿಗಳಿಗೆ ಮಾತ್ರ ಸ್ಥಾನವುಂಟು. ಬೆಂಗಳೂರು, ಮೈಸೂರುಗಳ ಪಂದ್ಯದ ಬಯಲಿನಲ್ಲಿ ಓಡುವ ಕುದುರೆಗಳೂ, ಕುಣಿಗಲ್ಲಿನ ಹೆಸರಾಂತ ಅಶ್ವಪಾಲನ ಕೇಂದ್ರದಲ್ಲಿ ಹುಟ್ಟಿದ ಓಟದ ಕುದುರೆಗಳೂ ಈ ಕಟ್ಟಿಗೆ ಒಳಪಟ್ಟವೇ. ಹೆಸರುವಾಸಿಯಾದ ಒಂದೆರಡು ಕುದುರೆಗಳೇ ಸಾವಿರಾರು ಮರಿಗಳಿಗೆ ತಂದೆಯಾಗಿ ತಳಿಯ ವೈವಿಧ್ಯ ಕುಗ್ಗೀತೆಂಬ ಭಯಕ್ಕೆ ಅರ್ಥವಿಲ್ಲದಿಲ್ಲ. ಆದರೆ ಅಕಾಲದಲ್ಲಿ ಸತ್ತ ಕುದುರೆಯ ರಕ್ತ ಪೂರ್ಣವಾಗಿ ಅಳಿದುಹೋಗುವುದೂ ವೈವಿಧ್ಯಕ್ಕೆ ನಷ್ಟವೇ ಅಲ್ಲವೆ? ಸವಾರಿಯ ಬೇರೆ ಅನೇಕ ತಳಿಗಳಿಗೆ ಈ ನಿರ್ಬಂಧವಿಲ್ಲ. ನಮ್ಮ ದೇಶದ ಮಾರವಾಡಿ ತಳಿಯ ವೀರ್ಯವನ್ನು ಹೆಪ್ಪುಗಟ್ಟಿಸಿಡುವ ಕೆಲಸ ಬಿಕಾನೇರಿನ ಅಶ್ವ ಸಂಶೋಧನ ಕೇಂದ್ರದಲ್ಲಿ ನಡೆದಿದೆ.

ವೀರ್ಯಾಣುವೇ ದೊರೆಯದಿದ್ದಾಗ ಚರ್ಮದ ಚಿಕ್ಕ ತುಣುಕೂ ನೆರವಿಗೆ ಬರಬಹುದು. ಪಿಯೆರಾಜ್ ಎಂಬ ದೂರದ ಓಟದ ವಿಶ್ವವಿಜೇತ ಕುದುರೆಗೆ ಬೀಜ ತೆಗೆಸಲಾಗಿದ್ದುದರಿಂದ ಅದು ತಂದೆಯಾಗುವಂತಿರಲಿಲ್ಲ. 2005ರಲ್ಲಿ ಅದರ ಜೀವಕಣದಿಂದ ತದ್ರೂಪಿ ಗಂಡುಮರಿಯೊಂದನ್ನು ಹುಟ್ಟಿಸಿದರು. ಮಂಗೋಲಿಯದ ಪ್ರೆಜ್ವಾಲ್ಸ್ಕಿ ಕಾಡುಕುದುರೆಯ ಸಂಗತಿ ಇನ್ನೂ ವಿಸ್ಮಯಕರ. ಇಂದಿರುವ ಈ ಜಾತಿಯ ಕುದುರೆಗಳೆಲ್ಲ, ಹಿಂದೆ ಸೆರೆಹಿಡಿದು ತಂದ ಹನ್ನೆರಡು ಕುದುರೆಗಳ ಸಂತತಿಯವು. ಅವುಗಳಲ್ಲಿ ವಿರಳವಾದ ಗುಣಾಂಶಗಳಿದ್ದ ಕುಪೊರೊವಿಚ್ ಎಂಬ ಗಂಡಿನ ಜೀವಕಣಗಳನ್ನು 1980ರಲ್ಲಿ ಸ್ಯಾನ್ ಡಿಯೇಗೊ ಮೃಗಾಲಯದವರು ಹೆಪ್ಪುಗಟ್ಟಿಸಿಟ್ಟರು. ಕುಪೊರೊವಿಚ್ 1998ರಲ್ಲಿ ಸತ್ತಿತು. ಅದರ ಕಣದಿಂದ ರೂಪಿಸಿದ ಭ್ರೂಣವನ್ನು ಟೆಕ್ಸಸ್ ರಾಜ್ಯದಲ್ಲಿ ಒಂದು ಸಾಕುಕುದುರೆ ಹೊತ್ತು, 2020ರ ಆಗಸ್ಟ್ 6ರಂದು ಗಂಡುಮರಿಯನ್ನು ಈಯಿತು. ಕರ್ಟ್ ಎಂದು ಅದಕ್ಕೆ ಹೆಸರಿಟ್ಟರು. 2023ರಲ್ಲಿ ಅದೇ ಕಣಗಳಿಂದ ಇನ್ನೊಂದು ಗಂಡುಮರಿಯೂ ಹುಟ್ಟಿತು.