ಆಗಲಿ, ಆದೀತು, ಆಗಿದ್ದರೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಇಂಗ್ಲಿಷ್ ವ್ಯಾಕರಣ ಓದಲು ಕುಳಿತಾಗ ಒಂದು ಪ್ರಶ್ನೆ ಏಳುವುದುಂಟು. ‘ಐ’ ಎಂಬುದರ ಮುಂದೆ ‘ವಾಸ್’ ಬರಬೇಕೆಂದು ಕಲಿಸಿದವರೇ ‘ಇಫ್ ಐ ವರ್ ಎ ಬರ್ಡ್’ ಎಂದು ಬರೆಸುತ್ತಾರಲ್ಲ, ಏಕೆ? ಅದು ಸಬ್‌ಜಂಕ್ಟಿವ್ ಮೂಡ್, ಬಾಯಿಪಾಠ ಮಾಡು ಎಂದುಬಿಡುವುದು ಸುಲಭ. ಆದರೆ ಇದಕ್ಕೆ ಉತ್ತರ ಮನೆಯ ಅಜ್ಜಿಯ ಮಾತಿನಲ್ಲೇ ಇದೆ.

ಕ್ರಿಯಾಪದವು ಕೆಲಸ ನಡೆದ ಕಾಲವನ್ನಷ್ಟೇ ಅಲ್ಲ, ಹೇಳುವವರ ಮನೋಭಾವವನ್ನೂ ತಿಳಿಸುತ್ತದೆ. ನಡೆದುದನ್ನು ನಡೆದಂತೆ ಹೇಳುವುದು ಒಂದು ಬಗೆ. ನಡೆಯಲೆಂದು ಹಾರೈಸುವುದು, ನಡೆಯಬೇಕೆಂದು ಪಟ್ಟು ಹಿಡಿಯುವುದು, ಇಲ್ಲದುದನ್ನು ಇದ್ದಂತೆ ಕಲ್ಪಿಸುವುದು ಇನ್ನೊಂದು ಬಗೆ. ಈ ಎರಡನೆಯದೇ ಸಬ್‌ಜಂಕ್ಟಿವ್.

ಹಾರೈಕೆಯನ್ನೇ ನೋಡೋಣ. ‘ಗಾಡ್ ಬ್ಲೆಸ್ ಯೂ’ ಎನ್ನುತ್ತೇವೆ. ‘ಬ್ಲೆಸಸ್’ ಎಂದರೆ ‘ದೇವರು ಹರಸುತ್ತಾನೆ’ ಎಂಬ ಬರಿಯ ಸಂಗತಿಯಾದೀತು. ‘ಬ್ಲೆಸ್’ ಎಂದಾಗ ಅದು ‘ಹರಸಲಿ’. ‘ದ ಟೀಚರ್ ಇನ್ಸಿಸ್ಟ್ಸ್ ದ್ಯಾಟ್ ಹಿ ಕಮ್ ಅರ್ಲಿ’ ಎಂಬಲ್ಲಿಯೂ ‘ಕಮ್ಸ್’ ಇಲ್ಲ. ‘ಅವನು ಬೇಗ ಬರಲಿ’ ಎಂಬುದು ಟೀಚರರ ಪಟ್ಟು. ಇಂಗ್ಲಿಷಿನ ಆ ಬೋಳು ಕ್ರಿಯಾಪದಕ್ಕೆ ನಮ್ಮ ‘ಅಲಿ’ ಪ್ರತ್ಯಯವೇ ಜೋಡಿ. ಕನ್ನಡ ವ್ಯಾಕರಣ ಇದನ್ನು ವಿಧ್ಯರ್ಥವೆನ್ನುತ್ತದೆ.

ಇನ್ನು ಹಕ್ಕಿಯ ಮಾತು. ‘ನಾನು ಹಕ್ಕಿಯಾಗಿದ್ದರೆ ಈಗಲೇ ಊರಿಗೆ ಹಾರಿಹೋಗುತ್ತಿದ್ದೆ.’ ಆಸೆ ಈಗಿನದು, ಆದರೆ ‘ಹೋಗುತ್ತಿದ್ದೆ’ ಎಂಬುದು ಹಿಂದಿನ ಕಾಲದ ರೂಪ! ‘ನಾಳೆ ಮಳೆ ಬಂದರೆ’ ಎನ್ನುವಾಗಲೂ ನಾಳೆಯ ಮಾತಿಗೆ ‘ಬಂದ’ ಎಂಬ ಭೂತರೂಪವೇ ಆಧಾರ. ಕೈಗೆ ಸಿಗದುದನ್ನು ಹೇಳಲು ಭಾಷೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಇಂಗ್ಲಿಷಿನ ‘ವರ್’ ಮಾಡುವುದೂ ಇದನ್ನೇ. ಆಡುಮಾತಿನಲ್ಲಿ ‘ಇಫ್ ಐ ವಾಸ್’ ಎನ್ನುವವರು ಬಹಳ. ಪರೀಕ್ಷೆಯ ಬರವಣಿಗೆಗೆ ‘ವರ್’ ಮೇಲು.

ಮರಾಠಿಯೂ ನೆರವಿಗೆ ಬರುತ್ತದೆ. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾದುದರಿಂದ ನಮ್ಮ ಮಕ್ಕಳು ಅದನ್ನೂ ಕಲಿಯುತ್ತಾರೆ. ‘ಪಾವೂಸ್ ಆಲಾ ಅಸತಾ ತರ್’ ಎಂದರೆ ‘ಮಳೆ ಬಂದಿದ್ದರೆ’. ಮರಾಠಿ ವ್ಯಾಕರಣ ಇದನ್ನು ಸಂಕೇತಾರ್ಥವೆಂದು ಕರೆಯುತ್ತದೆ. ಮೂರು ಭಾಷೆ, ಭಾವ ಒಂದೇ.

ಕನ್ನಡದಲ್ಲಿ ಇನ್ನೊಂದು ಸೊಗಸಿದೆ. ‘ಕೊಡೆ ತಗೊಂಡು ಹೋಗು ಮಗಾ, ಮಳೆ ಬಂದೀತು’ ಎನ್ನುತ್ತಾಳೆ ಅಜ್ಜಿ. ಬಂದಾನು, ಬಂದಾಳು, ಬಂದೀತು: ಇವು ಸಂಭಾವನಾರ್ಥದ ರೂಪಗಳು. ಇಂಗ್ಲಿಷ್ ಇದಕ್ಕೆ ‘ಮೇ’, ‘ಮೈಟ್’ ಎಂಬ ಬೇರೆ ಪದಗಳ ಆಸರೆ ಪಡೆಯಬೇಕು. ನಮ್ಮಲ್ಲಿ ಒಂದೇ ಪದದಲ್ಲಿ ಊಹೆ, ಅಂಜಿಕೆ, ಅಕ್ಕರೆ ಎಲ್ಲವೂ ಅಡಗುತ್ತವೆ.

ಆದರೆ ಈ ರೂಪ ನಮ್ಮ ಮಕ್ಕಳ ಬಾಯಿಂದ ಮೆಲ್ಲನೆ ಜಾರುತ್ತಿದೆ. ಎಲ್ಲಕ್ಕೂ ‘ಬರಬಹುದು’ ಒಂದೇ ಸಾಕೆನ್ನುತ್ತಾರೆ. ‘ಬರಬಹುದು’ ತಪ್ಪಲ್ಲ, ಆದರೆ ‘ಬಿದ್ದೀಯೆ, ಜೋಕೆ!’ ಎಂಬಲ್ಲಿನ ಕಳವಳ ‘ಬೀಳಬಹುದು’ ಎಂಬುದರಲ್ಲಿ ಎಲ್ಲಿ ಬಂದೀತು? ಹೊರನಾಡಿನಲ್ಲಿ ಒಂದು ತಲೆಮಾರು ಬಳಸದೆ ಬಿಟ್ಟ ರೂಪವನ್ನು ಮುಂದಿನವರು ಕೇಳಿ ಕಲಿಯುವುದೆಲ್ಲಿ?

ಆದುದರಿಂದ ತಾಯಿತಂದೆಯರಲ್ಲಿ ನಮ್ಮದೊಂದು ಬಿನ್ನಹ. ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಂದ ಮೂರು ವಾಕ್ಯ ಆಡಿಸಿರಿ: ‘ಆಗಲಿ’ ಎಂಬುದಕ್ಕೊಂದು, ‘ಆದೀತು’ ಎಂಬುದಕ್ಕೊಂದು, ‘ಆಗಿದ್ದರೆ’ ಎಂಬುದಕ್ಕೊಂದು. ಅಜ್ಜ ಅಜ್ಜಿಯರಿದ್ದರೆ ಅವರೇ ತಿದ್ದಲಿ. ಇಂಗ್ಲಿಷ್ ಪಾಠವೂ ಹಗುರವಾದೀತು, ಮನೆಮಾತೂ ಉಳಿದೀತು.