ಮೇಲೆ ಪಾಠ, ಕೆಳಗೆ ಪತ್ತೇದಾರಿಕೆ

ತರಗತಿಯಲ್ಲಿ ಪಾಠ ನಡೆಯುತ್ತಿರುತ್ತದೆ. ಹುಡುಗಿಯೊಬ್ಬಳ ಕೈಯಲ್ಲಿರುವ ಪೆನ್ಸಿಲ್ಲಿನ ತುದಿ ಇದ್ದಕ್ಕಿದ್ದಂತೆ ಮಿನುಗತೊಡಗುತ್ತದೆ. ಆಕೆ ಇನ್ನಿಬ್ಬರ ಕಡೆ ಕಣ್ಣು ಹಾಯಿಸುತ್ತಾಳೆ. ಏನೋ ಒಂದು ನೆಪ ಹೇಳಿ ಮೂವರೂ ಹೊರಗೆ ಬರುತ್ತಾರೆ. ಕಾರಿಡಾರಿನಲ್ಲಿ ಪೊರಕೆ, ಬಕೆಟ್ಟು ಇಡುವ ಒಂದು ಚಿಕ್ಕ ಕೋಣೆ. ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಅದು ಕೋಣೆಯಲ್ಲ, ಲಿಫ್ಟು! ಕೆಳಗಿಳಿಯುವಷ್ಟರಲ್ಲಿ ಶಾಲೆಯ ಸಮವಸ್ತ್ರ ಮಾಯವಾಗಿ ಕಪ್ಪು ಉಡುಪು ಮೈಮೇಲೆ ಬಂದಿರುತ್ತದೆ. ನೆಲದಡಿಯ ಕೇಂದ್ರದಲ್ಲಿ ಅವರಿಗಾಗಿ ಕಾದಿರುವವನು ಅದೇ ಶಾಲೆಯ ಜವಾನ.

ಇದು ಬಿಬಿಸಿಯ ಮಕ್ಕಳ ವಾಹಿನಿಗಾಗಿ ತಯಾರಾದ ‘ಎಂ.ಐ. ಹೈ’ ಧಾರಾವಾಹಿಯ ಕಂತುಗಳು ಸಾಮಾನ್ಯವಾಗಿ ಶುರುವಾಗುತ್ತಿದ್ದ ರೀತಿ. 2007ರ ಜನವರಿಯಲ್ಲಿ ಆರಂಭವಾಗಿ 2014ರವರೆಗೆ ಏಳು ಸರಣಿಗಳಲ್ಲಿ ಇದು ಪ್ರಸಾರವಾಯಿತು. ಇದರ ಮೂಲ ಕಲ್ಪನೆ ಕೀತ್ ಬ್ರಂಪ್ಟನ್ ಅವರದು. ನಿರ್ಮಿಸಿದ್ದು ಕುಡೋಸ್ ಸಂಸ್ಥೆ. ದೊಡ್ಡವರಿಗಾಗಿ ‘ಸ್ಪೂಕ್ಸ್’ ಎಂಬ ಗಂಭೀರ ಗೂಢಚಾರ ಧಾರಾವಾಹಿಯನ್ನು ಕೊಟ್ಟದ್ದೂ ಇದೇ ಸಂಸ್ಥೆ. ಒಂದೇ ಅಡುಗೆಮನೆಯಲ್ಲಿ ಖಾರದ ಸಾರನ್ನೂ ಮಕ್ಕಳ ಅನ್ನವನ್ನೂ ಮಾಡಿದ ಹಾಗೆ.

ಕತೆ ನಡೆಯುವುದು ಲಂಡನ್ನಿನ ಸೇಂಟ್ ಹೋಪ್ಸ್ ಎಂಬ ಕಾಲ್ಪನಿಕ ಶಾಲೆಯಲ್ಲಿ. ಮೊದಲ ತಂಡದಲ್ಲಿದ್ದವರು ಮೂವರು. ಹೊಡೆದಾಟದಲ್ಲಿ ಪಳಗಿದ ಬ್ಲೇನ್, ವೇಷ ಬದಲಿಸುವುದರಲ್ಲಿ ಗಟ್ಟಿಗಿತ್ತಿಯಾದ ಡೇಸಿ, ಲೆಕ್ಕ ಮತ್ತು ಯಂತ್ರಗಳಲ್ಲಿ ಅತಿ ಬುದ್ಧಿವಂತೆಯಾದ ರೋಸ್ ಗುಪ್ತಾ. ಇವರನ್ನು ನಡೆಸುವ ಜವಾನ ಲೆನ್ನಿ ಬಿಕ್ನಾಲ್, ಎಂ.ಐ.9 ಎಂಬ ಬೇಹುಗಾರಿಕೆ ಇಲಾಖೆಯ ಮನುಷ್ಯ. ಎದುರಾಳಿ ‘ಗ್ರ್ಯಾಂಡ್ ಮಾಸ್ಟರ್’ ತೊಡೆಯ ಮೇಲೆ ಒಂದು ಬಿಳಿ ಮೊಲವನ್ನು ಕೂರಿಸಿಕೊಂಡು ಲೋಕವನ್ನು ಬುಡಮೇಲು ಮಾಡುವ ಯೋಜನೆ ಹಾಕುತ್ತಾನೆ. ಜೇಮ್ಸ್ ಬಾಂಡ್ ಚಿತ್ರಗಳ ಖಳನ ಬೆಕ್ಕನ್ನು ಬಲ್ಲ ತಂದೆತಾಯಂದಿರಿಗೆ ಈ ಮೊಲ ಕಂಡೊಡನೆ ನಗು ಬರುತ್ತದೆ.

ಅಂದಹಾಗೆ, ಎಂ.ಐ.9 ಎಂಬ ಹೆಸರು ಪೂರ್ತಿ ಕಟ್ಟುಕತೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1939ರ ಡಿಸೆಂಬರ್‌ನಲ್ಲಿ, ಬ್ರಿಟನ್ ಈ ಹೆಸರಿನ ಇಲಾಖೆಯೊಂದನ್ನು ನಿಜವಾಗಿಯೂ ತೆರೆದಿತ್ತು. ಶತ್ರುಗಳ ಕೈಗೆ ಸಿಕ್ಕ ಯೋಧರು ತಪ್ಪಿಸಿಕೊಂಡು ಬರಲು ನೆರವಾಗುವುದು ಅದರ ಕೆಲಸ. ಮಡಿಚಿದರೆ ಸದ್ದಾಗದ, ನೆನೆದರೆ ಹರಿಯದ ರೇಷ್ಮೆ ಬಟ್ಟೆಯ ಮೇಲೆ ಭೂಪಟ ಮುದ್ರಿಸಿ, ಕೋಟಿನ ಗುಂಡಿಯೊಳಗೆ ದಿಕ್ಸೂಚಿ ಅಡಗಿಸಿ ಕಳಿಸುತ್ತಿದ್ದರು. ಮಿನುಗುವ ಪೆನ್ಸಿಲ್ಲಿಗಿಂತ ಆ ಗುಂಡಿಯೇ ನನಗೆ ಹೆಚ್ಚು ಇಷ್ಟ. ಅದಕ್ಕೆ ಬ್ಯಾಟರಿ ಬೇಕಿರಲಿಲ್ಲ.

ಗೂಢಚಾರ ಕತೆಗೆ ಶಾಲೆಯೇ ಏಕೆ ಬೇಕು? ನಿರ್ಮಾಪಕನ ಕಣ್ಣಿನಿಂದ ನೋಡಿದರೆ ಮೊದಲ ಉತ್ತರ ಖರ್ಚಿನದು. ಅರ್ಧ ಗಂಟೆಯ ಕಂತಿಗೆ ಪ್ರತಿ ಸಲ ಹೊಸ ಜಾಗ ಹುಡುಕುತ್ತ ಹೋದರೆ ಮಕ್ಕಳ ಕಾರ್ಯಕ್ರಮದ ಹಣ ಮೂರೇ ವಾರದಲ್ಲಿ ಮುಗಿದುಹೋಗುತ್ತದೆ. ಒಂದು ತರಗತಿ, ಒಂದು ಕಾರಿಡಾರು, ಮುಖ್ಯೋಪಾಧ್ಯಾಯರ ಕೋಣೆ, ಕೆಳಗಿನ ರಹಸ್ಯ ಕೇಂದ್ರ, ಇಷ್ಟು ಸಿದ್ಧವಿದ್ದರೆ ಅರ್ಧ ಕಂತು ಅಲ್ಲೇ ಮುಗಿಯುತ್ತದೆ. ಲಿಫ್ಟಿನಲ್ಲಿ ಬಟ್ಟೆ ಬದಲಾಗುವ ಚಮತ್ಕಾರವನ್ನೇ ನೋಡಿ. ಇಂಥ ದೃಶ್ಯಕ್ಕೆ ಎರಡು ಶಾಟ್ ಸಾಕು. ಮೊದಲನೆಯದರಲ್ಲಿ ಸಮವಸ್ತ್ರ, ಎರಡನೆಯದರಲ್ಲಿ ಕಪ್ಪು ಉಡುಪು, ನಡುವೆ ಸ್ವಲ್ಪ ಬೆಳಕು ಮತ್ತು ಸದ್ದು. ಕೆಲವೇ ಸೆಕೆಂಡಿನಲ್ಲಿ ಯಾವ ಯಂತ್ರವೂ ಒಬ್ಬರ ಬಟ್ಟೆ ಬಿಚ್ಚಿ ಬೇರೆ ತೊಡಿಸಲಾರದು ಎಂದು ವಿಜ್ಞಾನ ಓದಿದವನು ಹೇಳಬೇಕಾಗಿಲ್ಲ, ಎಂಟು ವರ್ಷದ ಮಗುವಿಗೂ ಅದು ಗೊತ್ತು. ಗೊತ್ತಿದ್ದೂ ಆ ಮಗು ಅದನ್ನು ಮತ್ತೆ ಮತ್ತೆ ನೋಡಬಯಸುತ್ತದೆ.

ಎರಡನೆಯ ಉತ್ತರ ಹೆಚ್ಚು ಮುಖ್ಯವಾದದ್ದು. ದೊಡ್ಡವರ ಗೂಢಚಾರ ಕತೆಯಲ್ಲಿ ನಾಯಕ ಗುಟ್ಟನ್ನು ಶತ್ರುವಿನಿಂದ ಮುಚ್ಚಿಡಬೇಕು. ಮಕ್ಕಳ ಕತೆಯಲ್ಲಿ ಅದನ್ನು ಮೇಷ್ಟ್ರಿಂದಲೂ ಮುಚ್ಚಿಡಬೇಕು. ಶತ್ರು ಕಂತಿಗೊಮ್ಮೆ ಬಂದು ಹೋಗುತ್ತಾನೆ, ಮೇಷ್ಟ್ರು ದಿನವೂ ಇರುತ್ತಾರೆ. ಬಾಂಬು ಸಿಡಿಯಲು ಹತ್ತು ನಿಮಿಷ ಉಳಿದಿದೆ ಎನ್ನುವಾಗ “ಹೋಂವರ್ಕ್ ಎಲ್ಲಿ?” ಎಂಬ ಪ್ರಶ್ನೆ ಬಂದರೆ, ನೋಡುವ ಮಗುವಿಗೆ ನಿಜವಾಗಿ ಎದೆ ಡವಗುಟ್ಟುವುದು ಯಾವುದರಿಂದ? ಬಾಂಬನ್ನು ಅದು ಕಂಡಿಲ್ಲ. ಹೋಂವರ್ಕಿನ ಭಯವನ್ನು ಬಲ್ಲದು.

ಸೇಂಟ್ ಹೋಪ್ಸ್‌ನ ಮುಖ್ಯೋಪಾಧ್ಯಾಯ ಫ್ಲ್ಯಾಟ್ಲಿ ಅವರ ಪಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ನಟ ಕ್ರಿಸ್ ಸ್ಟಾಂಟನ್ ಈ ಪಾತ್ರವನ್ನು ವಹಿಸಿದ್ದರು. ಫ್ಲ್ಯಾಟ್ಲಿ ಕೆಟ್ಟವರಲ್ಲ, ದರ್ಪದವರೂ ಅಲ್ಲ. ಶಾಲೆಯ ಮೇಲೆ ಅಪಾರ ಪ್ರೀತಿ. ಕಾಲಡಿಯಲ್ಲಿ ಏನಿದೆ ಎಂಬುದರ ಸುಳಿವು ಮಾತ್ರ ಇಲ್ಲ. ಹಾಸ್ಯಪಾತ್ರವಾದ ಮೇಷ್ಟ್ರನ್ನು ಬರೆಯುವಾಗ ಬರಹಗಾರರು ಸಾಮಾನ್ಯವಾಗಿ ಜಾರುವುದು ಒಂದೇ ಕಡೆ. ಅವರನ್ನು ಪೆದ್ದರನ್ನಾಗಿ ಮಾಡಿ ಮಕ್ಕಳಿಂದ ಗೇಲಿ ಮಾಡಿಸಿಬಿಡುತ್ತಾರೆ. ಫ್ಲ್ಯಾಟ್ಲಿಯವರನ್ನು ಕಂಡರೆ ನಗು ಬರುತ್ತದೆ, ಆದರೆ ಅವರಿಗೆ ಕೇಡಾಗಲಿ ಎಂದು ಯಾವ ಮಗುವಿಗೂ ಅನ್ನಿಸುವುದಿಲ್ಲ. ತಂಡಗಳು ಬದಲಾದವು. ಆಸ್ಕರ್, ಕ್ಯಾರಿ ಬಂದರು. ಲೆನ್ನಿಯ ಜಾಗಕ್ಕೆ ಫ್ರ್ಯಾಂಕ್ ಲಂಡನ್ ಎಂಬ ಬೇರೆ ಜವಾನ ಬಂದ. 2013ರ ಆರನೆಯ ಸರಣಿಯ ಹೊತ್ತಿಗೆ ಶಾಲೆಯೇ ಬದಲಾಗಿ ಸೇಂಟ್ ಹಾರ್ಟ್ಸ್ ಆಯಿತು. ಡ್ಯಾನ್, ಅನೀಶಾ, ಟಾಮ್ ಎಂಬ ಹೊಸಬರು ಸೇರಿದರು. ಆಗಲೂ ಫ್ಲ್ಯಾಟ್ಲಿ ಉಳಿದರು. ನಮ್ಮ ಊರುಗಳಲ್ಲೂ ಹೀಗೆಯೇ ಅಲ್ಲವೇ, ಮಕ್ಕಳು ಪಾಸಾಗಿ ಹೋಗುತ್ತಾರೆ, ಹೆಡ್‌ಮಾಸ್ಟರು ಅದೇ ಕುರ್ಚಿಯಲ್ಲಿರುತ್ತಾರೆ.

ಜವಾನನ ಪಾತ್ರದ ಬಗ್ಗೆ ಎರಡು ಮಾತು ಹೇಳಬೇಕು. ಶಾಲೆಯಲ್ಲಿ ಎಲ್ಲ ಕೋಣೆಗಳ ಬೀಗದ ಕೈ ಇರುವುದು ಅವನ ಬಳಿ. ಯಾವಾಗ ಎಲ್ಲಿ ಓಡಾಡಿದರೂ ಯಾರೂ ಕೇಳುವುದಿಲ್ಲ, ಏಕೆಂದರೆ ಯಾರೂ ಅವನನ್ನು ಗಮನಿಸುವುದಿಲ್ಲ. ಬೇಹುಗಾರನಿಗೆ ಇದಕ್ಕಿಂತ ಒಳ್ಳೆಯ ಮರೆ ಯಾವುದು? ಆದರೆ ಈ ಆಯ್ಕೆಯಿಂದ ಇನ್ನೊಂದು ಲಾಭವೂ ಇದೆ. ಪ್ರತಿ ಕಂತಿನಲ್ಲೂ ಅಪಾಯಕ್ಕೆ ಹೋಗುವ ಮಕ್ಕಳ ಹಿಂದೆ, ಅವರು ಎಲ್ಲಿದ್ದಾರೆ ಎಂದು ಬಲ್ಲ ಒಬ್ಬ ದೊಡ್ಡ ಮನುಷ್ಯ ಇದ್ದಾನೆ. ಲೆನ್ನಿಯನ್ನು ತೆಗೆದುಬಿಟ್ಟರೆ ಇದೇ ಧಾರಾವಾಹಿ ಹೆದರಿಕೆ ಹುಟ್ಟಿಸುತ್ತದೆ.

ಬ್ರಿಟನ್ನಿನ ಇದೇ ಬಗೆಯ ಎರಡು ಪುಸ್ತಕ ಸರಣಿಗಳನ್ನು ಪಕ್ಕದಲ್ಲಿಟ್ಟರೆ ಈ ಮಾತು ಸ್ಪಷ್ಟವಾಗುತ್ತದೆ. ಆಂಟನಿ ಹೊರೊವಿಟ್ಜ್ 2000ದಲ್ಲಿ ಆರಂಭಿಸಿದ ಅಲೆಕ್ಸ್ ರೈಡರ್ ಕತೆಗಳಲ್ಲಿ ನಾಯಕ ಹದಿನಾಲ್ಕು ವರ್ಷದ ಹುಡುಗ, ಓದುವುದು ಬ್ರೂಕ್‌ಲ್ಯಾಂಡ್ ಎಂಬ ಶಾಲೆಯಲ್ಲಿ. ಅವನು ಸಾಹಸಕ್ಕೆ ಹೋದಾಗಲೆಲ್ಲ ಕಾಯಿಲೆಯೆಂದು ಶಾಲೆಗೆ ಚೀಟಿ ಹೋಗುತ್ತದೆ. ಮೇಷ್ಟರುಗಳ ದೃಷ್ಟಿಯಲ್ಲಿ ಅವನು ಪದೇ ಪದೇ ಹಾಸಿಗೆ ಹಿಡಿಯುವ ಹುಡುಗ. ಪಾಠದಲ್ಲಿ ಹಿಂದೆ ಬೀಳುತ್ತಾನೆ. ಸಹಪಾಠಿಗಳಿಗೆ ನಿಜ ಹೇಳುವಂತಿಲ್ಲ. ಸೇಂಟ್ ಹೋಪ್ಸ್‌ನಲ್ಲಿ ನಗುವಿಗೆ ಕಾರಣವಾದ ಗುಟ್ಟು ಬ್ರೂಕ್‌ಲ್ಯಾಂಡಿನಲ್ಲಿ ಹುಡುಗನನ್ನು ಒಂಟಿಯಾಗಿಸುತ್ತದೆ.

ಇದೇ ಸರಣಿಯ ಎರಡನೆಯ ಪುಸ್ತಕ ‘ಪಾಯಿಂಟ್ ಬ್ಲಾಂಕ್’ (2001). 2020ರಲ್ಲಿ ಬಂದ ‘ಅಲೆಕ್ಸ್ ರೈಡರ್’ ಟಿ.ವಿ. ಸರಣಿಯ ಮೊದಲ ಭಾಗಕ್ಕೆ ಇದೇ ಆಧಾರ. ಪುಸ್ತಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತದ ಮೇಲೊಂದು ಶಾಲೆ. ಶ್ರೀಮಂತರ ಹಾದಿ ತಪ್ಪಿದ ಗಂಡುಮಕ್ಕಳು ಅಲ್ಲಿಗೆ ಸೇರಿ ಕೆಲವೇ ತಿಂಗಳಲ್ಲಿ ತಿದ್ದಿಕೊಳ್ಳುತ್ತಾರೆ. ಮುಖ್ಯಸ್ಥ ಡಾಕ್ಟರ್ ಗ್ರೀಫ್ ತನ್ನದೇ ಜೀವಕೋಶದಿಂದ ಪ್ರತಿರೂಪದ ಹುಡುಗರನ್ನು ತಯಾರಿಸಿ, ಅವರನ್ನು ಆ ಮಕ್ಕಳ ಜಾಗದಲ್ಲಿ ಮನೆಗೆ ಕಳಿಸುತ್ತಿರುತ್ತಾನೆ! ಇಲ್ಲಿ ಲೇಖಕರು ವಿಜ್ಞಾನವನ್ನು ಅರ್ಧ ಗೌರವಿಸಿದ್ದಾರೆ. ಗ್ರೀಫ್‌ನ ಕೋಶದಿಂದ ಹುಟ್ಟಿದವರು ಗ್ರೀಫ್‌ನನ್ನೇ ಹೋಲಬೇಕು, ಬೇರೆಯವರ ಮಗನನ್ನಲ್ಲ; ಆದ್ದರಿಂದ ಕತೆಯಲ್ಲಿ ಪ್ಲಾಸ್ಟಿಕ್ ಸರ್ಜರಿಯೂ ಬರುತ್ತದೆ. ಡಾಲಿ ಕುರಿ ಹುಟ್ಟಿದ್ದು 1996ರಲ್ಲಿ. ಪುಸ್ತಕದ ಹದಿನಾಲ್ಕು ವರ್ಷದ ಹುಡುಗರು ಅದಕ್ಕೂ ಬಹಳ ಮೊದಲೇ ಹುಟ್ಟಿರಬೇಕಾಗುತ್ತದೆ. ಇನ್ನು ಬೆರಳಚ್ಚು. ಒಂದೇ ಅಂಡಾಣುವಿನಿಂದ ಹುಟ್ಟಿದ ಅವಳಿಗಳಲ್ಲೂ ಬೆರಳಚ್ಚು ಬೇರೆಬೇರೆ. ಎಷ್ಟೇ ಶಸ್ತ್ರಚಿಕಿತ್ಸೆ ಮಾಡಿದರೂ ಒಂದು ಶಾಯಿಪ್ಯಾಡು ಗ್ರೀಫ್‌ನ ಗುಟ್ಟನ್ನು ರಟ್ಟು ಮಾಡುತ್ತಿತ್ತು. ನಿಮ್ಮ ಮನೆಯ ಮಕ್ಕಳು ಈ ಸರಣಿ ನೋಡಿದ್ದರೆ ಇದನ್ನು ಕೇಳಿ ನೋಡಿ, ಒಂದು ಸಂಜೆಯ ಮಾತಿಗೆ ಸಾಕಾಗುತ್ತದೆ.

ರಾಬರ್ಟ್ ಮುಚಮೋರ್ ಅವರ ‘ಚೆರಬ್’ ಸರಣಿ (ಮೊದಲ ಪುಸ್ತಕ 2004ರದು) ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಶಾಲೆಯೇ ಬೇಹುಗಾರಿಕೆಯ ಸಂಸ್ಥೆ. ವಿದ್ಯಾರ್ಥಿಗಳು ಬಹುಪಾಲು ಅನಾಥರು. ನೂರು ದಿನಗಳ ಕಠಿಣ ತರಬೇತಿ ಮುಗಿಸಿದವರಿಗೆ ಬೂದು ಬಣ್ಣದ ಅಂಗಿ, ಹೆಚ್ಚು ಸಾಧಿಸಿದವರಿಗೆ ಕಡುನೀಲಿ, ಅದಕ್ಕೂ ಮೇಲಿನವರಿಗೆ ಕಪ್ಪು. ಮೇಷ್ಟ್ರಿಂದ ಮುಚ್ಚಿಡುವುದೇನೂ ಇಲ್ಲ, ಏಕೆಂದರೆ ಕಳಿಸುವವರೇ ಅವರು. ಆದರೆ ಮುಚಮೋರ್ ಒಂದು ನಿಯಮವನ್ನು ಮರೆಯದೆ ಇಟ್ಟಿದ್ದಾರೆ. ಯಾವ ಮಗುವೂ ಯಾವ ಕೆಲಸಕ್ಕೂ ಒಲ್ಲೆ ಎನ್ನಬಹುದು.

ಇದೆಲ್ಲ ಕತೆಯಾಯಿತು. ನಿಜ ಜೀವನದಲ್ಲಿ ಮಕ್ಕಳನ್ನು ಗುಪ್ತ ಮಾಹಿತಿ ತರಲು ಬಳಸುವುದುಂಟೆ? ಉಂಟು, ಅದೂ ಇದೇ ಬ್ರಿಟನ್ನಿನಲ್ಲಿ. ಹದಿನೆಂಟು ತುಂಬದವರನ್ನು ಮಾಹಿತಿದಾರರನ್ನಾಗಿ ಬಳಸುವ ಬಗ್ಗೆ ಅಲ್ಲಿ 2000ದಲ್ಲೇ ಪ್ರತ್ಯೇಕ ಆದೇಶ ಬಂದಿತು. ಹದಿನಾರು ತುಂಬದ ಮಗುವನ್ನು ಅದರ ತಂದೆತಾಯಿಯ ವಿರುದ್ಧ ಬಳಸಕೂಡದು. ಅಂಥ ಮಗುವಿನೊಡನೆ ಅಧಿಕಾರಿಗಳು ಭೇಟಿಯಾಗುವಾಗ ಅದರ ಹಿತ ನೋಡುವ ಒಬ್ಬ ವಯಸ್ಕರು ಜೊತೆಗಿರಬೇಕು. ಒಂದು ಸಲದ ಅನುಮತಿಯ ಅವಧಿಯನ್ನು 2018ರಲ್ಲಿ ಒಂದು ತಿಂಗಳಿನಿಂದ ನಾಲ್ಕು ತಿಂಗಳಿಗೆ ಏರಿಸಿದಾಗ ಸಂಸತ್ತಿನ ಮೇಲ್ಮನೆಯ ಸಮಿತಿಯೊಂದು ಕಳವಳ ವ್ಯಕ್ತಪಡಿಸಿತು. ಮಕ್ಕಳ ಹಕ್ಕುಗಳ ಸಂಸ್ಥೆಯೊಂದು ನ್ಯಾಯಾಲಯಕ್ಕೂ ಹೋಯಿತು. 2019ರಲ್ಲಿ ತೀರ್ಪು ಸರ್ಕಾರದ ಪರವಾಗಿ ಬಂದಿತು. 2015ರ ಜನವರಿಯಿಂದ 2018ರ ಡಿಸೆಂಬರ್‌ವರೆಗೆ ಹೀಗೆ ಬಳಸಲಾದವರು 17 ಮಂದಿ. ಒಬ್ಬರಿಗೆ ಹದಿನೈದು ವರ್ಷ, ಉಳಿದವರಿಗೆ ಹದಿನಾರು, ಹದಿನೇಳು. ಸಂಖ್ಯೆ ಸಣ್ಣದೇ. ಆದರೆ ಇಂಥ ಮಕ್ಕಳು ಹೋಗಬೇಕಾದದ್ದು ಮಾದಕವಸ್ತು ಮಾರುವ ಗುಂಪುಗಳಂಥ ಕಡೆಗೆ, ಮೊಲ ಸಾಕಿದ ಖಳನ ಬಳಿಗಲ್ಲ. ಜೊತೆಗಿರುವ ವಯಸ್ಕರ ನಿಯಮವನ್ನು ಓದಿದಾಗ ನನಗೆ ನೆನಪಾದದ್ದು ಲೆನ್ನಿ. ಆ ನೆರಳು ಹದಿನಾರು ವರ್ಷದವನಿಗೆ ಕಡ್ಡಾಯವಲ್ಲ ಏಕೆ ಎಂಬುದೇ ಅಲ್ಲಿನ ವಾದದ ತಿರುಳಾಗಿತ್ತು.

ತೆರೆಯ ಮೇಲಿನ ವಿದ್ಯಾರ್ಥಿಗಳ ಹಿಂದೆ ಇನ್ನೊಂದು ಶಾಲೆಯೂ ಇರುತ್ತದೆ, ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸಿನ ಮಕ್ಕಳು ಅಭಿನಯಿಸಬೇಕಾದರೆ ಸ್ಥಳೀಯ ಆಡಳಿತದಿಂದ ಲೈಸೆನ್ಸು ಪಡೆಯಬೇಕು. ಇದಕ್ಕೆ 1963ರ ಕಾಯಿದೆ ಮೂಲ. ಈಗ ಇರುವ ನಿಯಮಗಳು 2014ರವು. ಶಾಲಾ ದಿನಗಳಲ್ಲಿ ಚಿತ್ರೀಕರಣವಿದ್ದರೆ ದಿನಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ ನಿಜವಾದ ಪಾಠ ನಡೆಯಬೇಕು. ಒಂಬತ್ತು ದಾಟಿದ ಮಗುವಾದರೂ ಅಭಿನಯಿಸುವ ಸಮಯ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ. ತಂದೆತಾಯಿ ಇಲ್ಲದಿದ್ದಾಗ ನೋಡಿಕೊಳ್ಳಲು ಅನುಮತಿ ಪಡೆದ ಪಾಲಕರು ಇರಲೇಬೇಕು. ಮೇಷ್ಟ್ರ ಕಣ್ಣು ತಪ್ಪಿಸಿ ತರಗತಿಯಿಂದ ಓಡುವ ದೃಶ್ಯ ಮುಗಿದ ಮೇಲೆ ಹುಡುಗ ಹೋಗಿ ಕೂರುವುದು ಇನ್ನೊಬ್ಬ ಮೇಷ್ಟ್ರ ಮುಂದೆ. ಇವರ ಕಣ್ಣು ತಪ್ಪಿಸುವಂತಿಲ್ಲ, ತಪ್ಪಿಸಿದರೆ ನಿರ್ಮಾಪಕನಿಗೇ ತೊಂದರೆ.

ನಮ್ಮ ದೇಶದಲ್ಲೂ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ನಂತರ 2017ರಲ್ಲಿ ಬಾಲ ಕಲಾವಿದರ ಬಗ್ಗೆ ನಿಯಮಗಳು ಬಂದಿವೆ. ತಂದೆತಾಯಿಗಳು ಇವನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ ಮಗುವಿಗೆ ಅವಕಾಶ ಸಿಕ್ಕಿತೆಂಬ ಸಂತೋಷದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಹದಿನಾಲ್ಕು ತುಂಬದ ಮಗುವನ್ನು ಚಿತ್ರೀಕರಣಕ್ಕೆ ತೊಡಗಿಸಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರಬಾರದು. ಸತತ 27 ದಿನಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿಯುತ ವ್ಯಕ್ತಿ ಇರಬೇಕು, ಓದು ತಪ್ಪದಂತೆ ಏರ್ಪಾಡು ಮಾಡಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲೇ ನಿಶ್ಚಿತ ಠೇವಣಿಯಾಗಿ ಇಡಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅನುಮತಿ ಪತ್ರದ ಪ್ರತಿಯನ್ನೂ, ಕೆಲಸ ಮುಗಿದ ಮೇಲೆ ಠೇವಣಿ ರಸೀದಿಯನ್ನೂ ಕೇಳಿ ಪಡೆಯಿರಿ.